ತಮ್ಮನ ಎದೆಗೆ ನಾನು ಕಟ್ಟಿದ ಸೀರೆ

ಆರೋಗ್ಯ ಇಲಾಖೆಯ ಅಧಿಕಾರಿಗಳೇ,

ಮಾನ್ಯರೇ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎದೆಗೆ ಹಾಕುವ ಒಂದು ಕೊಳವೆ ಇರಲಿಲ್ಲ. ನನ್ನ ತಮ್ಮ ನಂಜುಂಡಯ್ಯ ಹನ್ನೊಂದು ದಿನಗಳಿಂದ ಯಂತ್ರದ ಮೂಲಕ ಉಸಿರಾಡುತ್ತಿದ್ದಾನೆ. ದೂರು ಇಷ್ಟೇ. ಅದರಲ್ಲಿ ನನ್ನ ಪಾಲೂ ಇರುವುದರಿಂದ ಪತ್ರ ಉದ್ದವಾಗುತ್ತದೆ.

ನಮ್ಮ ಹುಲಿಕೆರೆಯ ಕಡೆ ಸುಗ್ಗಿಯಲ್ಲಿ ಹುರುಳಿ ಒಕ್ಕುವುದು ಡಾಂಬರು ರಸ್ತೆಯ ಮೇಲೆ. ಬಸ್ಸಿನ ಚಕ್ರವೇ ಕಾಳು ಬಿಡಿಸುವ ರೋಣಗಲ್ಲು. ತಾನೇ ಹರಡಿದ್ದ ಹುರುಳಿಯ ಮೇಲೆ ತಮ್ಮನ ಬೈಕು ಜಾರಿ, ಹ್ಯಾಂಡಲು ಎದೆಗೆ ಬಡಿಯಿತು. ಒಂದು ಹನಿ ರಕ್ತ ಕಾಣಲಿಲ್ಲ. "ಏನೂ ಆಗಿಲ್ಲ ಕಣಕ್ಕ, ಗಾಡಿ ಲೈಟ್ ಒಡೆದೋಯ್ತು ನೋಡು," ಎಂದ. ಅಷ್ಟು ಹೇಳುವುದರೊಳಗೆ ಎರಡು ಬಾರಿ ಉಸಿರಿಗಾಗಿ ನಿಂತ.

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸಿದವಳು ನಾನು. ಪಕ್ಕೆಲುಬು ಮುರಿದರೆ ಎದೆಯನ್ನು ಬಿಗಿಯಾಗಿ ಕಟ್ಟಬೇಕೆಂದು ಕರಿಹಲಗೆಯ ಮೇಲೆ ಬರೆದು, ತಪ್ಪಿದವರಿಂದ ಹತ್ತು ಬಾರಿ ಬರೆಸಿದ್ದೇನೆ. ಹತ್ತಿ ಸೀರೆ ಸುತ್ತಿ ಗಂಟು ಬಿಗಿದೆ.

"ಸಡ್ಲ ಮಾಡಕ್ಕ, ಉಸ್ರು ಕಟ್ತೈತೆ."

"ಸುಮ್ನಿರೋ, ನಂಗೆ ಗೊತ್ತು."

ಆಟೋದಲ್ಲಿ ಆಸ್ಪತ್ರೆ ತಲುಪಿದಾಗ ಅವನ ತುಟಿ ನೀಲಿಗಟ್ಟಿತ್ತು. ಯುವ ವೈದ್ಯೆ ಸೌಂದರ್ಯ ಮೊದಲು ಸೀರೆಯನ್ನು ಕತ್ತರಿಸಿದರು. "ಯಾರಮ್ಮ ಇದನ್ನ ಕಟ್ಟಿದ್ದು? ಹೀಗೆ ಕಟ್ಟೋದು ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ!" ನಾನು ಶಿಕ್ಷಕಿಯೆಂದು ಹೇಳಿಕೊಳ್ಳಲಿಲ್ಲ. ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿ, ಸೋರಿದ ಗಾಳಿ ಎದೆಯೊಳಗೇ ತುಂಬಿಕೊಂಡು ಅದನ್ನು ಅದುಮುತ್ತಿತ್ತಂತೆ. ವೈದ್ಯೆ ದಪ್ಪ ಸೂಜಿ ಚುಚ್ಚಿದರು. ಗಾಳಿ ಬುಸ್ಸೆಂದಿತು, ತಮ್ಮ ಕಣ್ಣು ತೆರೆದ. ಸೂಜಿ ಸ್ವಲ್ಪ ಹೊತ್ತಿಗೆ ಮಾತ್ರ, ಕೊಳವೆ ಹಾಕಲೇಬೇಕು ಎಂದರು. ಕೊಳವೆ ಇರಲಿಲ್ಲ. ಎಕ್ಸ್‌ರೇ ಯಂತ್ರ ಬಟ್ಟೆ ಹೊದ್ದು ಮಲಗಿತ್ತು. ಅದನ್ನು ನಡೆಸುವವರು ವಾರಕ್ಕೆರಡು ದಿನ ಬರುತ್ತಾರಂತೆ. ಯಾವ ಎರಡು ದಿನ ನಾವು ಪಕ್ಕೆಲುಬು ಮುರಿದುಕೊಳ್ಳಬೇಕೆಂದು ಊರೂರಲ್ಲಿ ಡಂಗುರ ಹೊಡೆಸಬಾರದಿತ್ತೇ? ಆಂಬುಲೆನ್ಸ್ ಬರಲು ಒಂದೂವರೆ ಗಂಟೆ ಹಿಡಿಯಿತು. ದಾರಿಯಲ್ಲಿ ಸೂಜಿಯ ರಂಧ್ರ ಮುಚ್ಚಿಕೊಂಡು ಅವನ ಪ್ರಜ್ಞೆ ತಪ್ಪಿತು. ದೊಡ್ಡಾಸ್ಪತ್ರೆಯಲ್ಲಿ ಕೊಳವೆ ಹಾಕಿದರು, ಅಷ್ಟರೊಳಗೆ ತಡವಾಗಿತ್ತು. ಈಗ ನ್ಯುಮೋನಿಯಾ ಸೇರಿದೆ. ನಾನು ಗಾಜಿನಾಚೆ ನಿಂತು ಅವನ ಎದೆ ಏರಿಳಿಯುವುದನ್ನು ನೋಡುತ್ತೇನೆ, ಬೇರೇನೂ ಮಾಡಲಾರೆ.

ಮೊದಲು ಫೋನಿನಲ್ಲಿ ಕೊಟ್ಟ ದೂರಿಗೆ ನಿಮ್ಮ ಕಚೇರಿಯ ಉತ್ತರ ಬಂದಿದೆ: ರೋಗಿಗೆ "ಮನೆಯಲ್ಲಿ ಅವೈಜ್ಞಾನಿಕ ಚಿಕಿತ್ಸೆ ನೀಡಲಾಗಿತ್ತು." ಆ ವಾಕ್ಯದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೆ ನನ್ನ ಪಾಠ ತಪ್ಪೆಂದು ಇಷ್ಟು ವರ್ಷ ನಮ್ಮ ಶಾಲೆಗೆ ಬಂದು ಹೇಳಿದವರು ಯಾರು?

ತಾಲ್ಲೂಕು ಆಸ್ಪತ್ರೆಯಲ್ಲಿ ಕೊಳವೆಯನ್ನೂ ಪ್ರತಿದಿನ ಎಕ್ಸ್‌ರೇ ತೆಗೆಯುವವರನ್ನೂ ಈ ವಾರವೇ ಇರಿಸಿ. ಹುರುಳಿ ಇನ್ನೂ ರಸ್ತೆಯ ಮೇಲಿದೆ. ನನ್ನ ವಿದ್ಯಾರ್ಥಿಗಳು ಸುತ್ತಲಿನ ಪ್ರತಿ ಊರಲ್ಲೂ ಇದ್ದಾರೆ. ಅವರೆಲ್ಲರಿಗೂ ಎದೆಯನ್ನು ಬಿಗಿಯಾಗಿ ಕಟ್ಟಲು ಬರುತ್ತದೆ. ನಾನು ಚೆನ್ನಾಗಿ ಕಲಿಸಿದ್ದೇನೆ.

ಇಂತಿ,
ಸಡಿಲ ಮಾಡೆಂದಾಗ ಮಾಡದ ಅಕ್ಕ,
ವೆಂಕಟಲಕ್ಷ್ಮಮ್ಮ
ನಿವೃತ್ತ ಶಿಕ್ಷಕಿ, ಹುಲಿಕೆರೆ