ಸರೋವರಕ್ಕೆ ಹೊರಟ ವ್ಯಾನಿನಲ್ಲಿ ಒಂದು ಜಾಗ

ಉಜ್ಗೆನ್,
ಜುಲೈ ೧೧, ಗುರುವಾರ

ಪ್ರೀತಿಯ ಸಮಾತ್,

ಪ್ರೀತಿಯ ಎಂದು ಅಭ್ಯಾಸಬಲದಿಂದ ಬರೆದೆ, ಹೊಡೆದುಹಾಕಲು ಮನಸ್ಸಾಗಲಿಲ್ಲ, ಇರಲಿ. ನಿನ್ನ ಸೊಂಟನೋವು ಹೇಗಿದೆ? ಸಿಮೆಂಟ್ ಚೀಲ ಎತ್ತುವಾಗ ನಾನು ಕಳಿಸಿದ ಒಂಟೆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಮಾಸ್ಕೋದ ಗೆಳೆಯರು ನಗುತ್ತಾರೆಂದು ಮಡಿಸಿ ಇಟ್ಟಿದ್ದೀಯೋ? ನಾನೂ ಮಕ್ಕಳೂ ಮೈಯಲ್ಲಿ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ನಾಳೆ ನಿಮ್ಮ ಕಡೆ ಹೊರಟಿರುವ ಪಕ್ಕದ ಮನೆಯವರ ಕೈಯಲ್ಲಿ ಕೊಡುತ್ತೇನೆ.

ಇಸಿಕ್‌ಕುಲ್ ಸರೋವರದ ಪ್ರವಾಸದ ತಯಾರಿ ನಿನಗೆ ಗೊತ್ತೇ ಇದೆ. ಚಳಿಗಾಲದಿಂದ ನಾವು ಫೋನಿನಲ್ಲಿ ಬೇರೆ ಮಾತೇ ಆಡಿಲ್ಲ. ಎರಡು ದಿನದ ದಾರಿಗೆ ನಿನ್ನ ವ್ಯಾನ್ ಓಡಿಸಬೇಕೆಂದೇ ಈ ವಸಂತದಲ್ಲಿ ಡ್ರೈವಿಂಗ್ ಕಲಿತೆ. ಕಲಿಸಿದವನು ಘಾಟಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ. ನಿನ್ನ ಮಗಳು ಕೆರೇಜ್‌ಗೆ ಮರಳಿನ ಮೇಲೆ ಮಲಗಿ ಮೈ ಕಪ್ಪಾಗಬೇಕಂತೆ, ಮುಖ ಮಾತ್ರ ಆಗಬಾರದಂತೆ. ಹದಿನೈದು ವರ್ಷದವಳ ಜೊತೆ ವಾದ ಮಾಡುವ ಶಕ್ತಿ ನನಗಿಲ್ಲ. ಅವಳ ತಮ್ಮ ಇಲ್ಗಿಜ್ ಗಾಳಿ ತುಂಬುವ ಹಾಸಿಗೆಯನ್ನು ಪರೀಕ್ಷೆಗೆಂದು ಊದಿ, ಈಗ ದಿನವೂ ಅದರ ಮೇಲೇ ಮಲಗುತ್ತಾನೆ. ಕುದುರೆ ಹಾಲಿನ ಹುಳಿ ಕುಮಿಸ್ ಕುಡಿಯಲು ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಇಬ್ಬರಿಗೂ ಜಗಳ. "ಅಮ್ಮ, ಇವನು ಕುಮಿಸ್ ಕುಡ್ದು ಘಾಟಿ ಹತ್ತಿದ್ರೆ ನನ್ ಮೇಲೇ ವಾಂತಿ ಮಾಡ್ತಾನೆ" ಎಂದು ಅವಳು. "ನಿನ್ ಸೆಂಟ್ ವಾಸ್ನೆಗೆ ಕುಮಿಸ್ ಇಲ್ದೇನೂ ಮಾಡ್ತೀನಿ ಬಿಡು" ಎಂದು ಇವನು. ನನಗೆ ಆ ಗಲಾಟೆಯೇ ಹಬ್ಬವಾಗಿತ್ತು.

ಆದರೆ ನಾನು ಇಷ್ಟೆಲ್ಲ ಮಾಡುತ್ತಿದ್ದದ್ದು ಬೆಕ್ತುರ್‌ಗಾಗಿ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚೊಚ್ಚಲ ಮಗು ಅಜ್ಜ ಅಜ್ಜಿಯದು ಎಂಬ ನಮ್ಮವರ ಪದ್ಧತಿಗೆ ತಲೆಬಾಗಿ, ಹಾಲು ಬಿಡಿಸಿದ ಕೂಡಲೇ ಅವನನ್ನು ನಿನ್ನ ಅಮ್ಮನ ಮಡಿಲಿಗೆ ಹಾಕಿದೆ. ಹಿಂದಿನ ಬೀದಿಯಲ್ಲೇ ಬೆಳೆದ ನನ್ನ ಮಗ ಅತ್ತೆಯನ್ನು ಅಮ್ಮ ಎನ್ನುತ್ತಾನೆ, ನಿನ್ನನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಹೆತ್ತವಳು ನಾನೆಂದು ಅವನಿಗೂ ಗೊತ್ತು, ಊರಿಗೂ ಗೊತ್ತು. ಹದಿನೇಳು ವರ್ಷ ಆ ಹೆಸರಿಗೇ ಓಗೊಟ್ಟೆ. ಅವನ ಶಾಲೆ ಮುಗಿದ ಮೇಲೆ ನಮ್ಮ ಮನೆಗೆ ಬರಲಿ ಎಂದು ಮಾತು ಕೊಟ್ಟವನು ನೀನು. ಮೂವರು ಮಕ್ಕಳೂ ಒಂದು ವಾರ ನೀರಲ್ಲಿ ಒಟ್ಟಿಗೆ ಆಡಿ, ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬರುವುದೆಂದು ನಿಶ್ಚಯಿಸಿದ್ದೆವು. ಅತ್ತೆ ಕೂಡ "ಹೂಂ, ಕರ್ಕೊಂಡ್ ಹೋಗಮ್ಮ, ನಿನ್ ಮಗಾನೇ ತಾನೇ" ಎಂದಿದ್ದರು. ಅಷ್ಟಕ್ಕೇ ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತಿದ್ದೆ.

ನಿನ್ನೆ ದೊಡ್ಡ ಕಡಾಯಿ ತರಲು ಅತ್ತೆಯ ಮನೆಗೆ ಹೋದೆ. ಬೆಕ್ತುರ್ ಬೆಟ್ಟದ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಹೋಗಿದ್ದಾನೆ, ಶುಕ್ರವಾರ ಇಳಿದು ಬರುತ್ತಾನೆ ಎಂದು ನನಗೆ ಹೇಳಿದ್ದರು. ಗೋಡೆಯ ಮೊಳೆಯಲ್ಲಿ ಬಿಳಿ ಬಟ್ಟೆಯೊಳಗೆ ಒಂದು ರೊಟ್ಟಿ ನೇತಾಡುತ್ತಿತ್ತು, ಅಂಚಿನಲ್ಲಿ ಒಂದೇ ಒಂದು ಸಲ ಕಚ್ಚಿದ್ದು. ಕುರಿ ಕಾಯಲು ಹೋಗುವವರು, ಸರೋವರಕ್ಕೆ ಹೋಗುವವರು ಹಾಗೆ ರೊಟ್ಟಿ ಕಚ್ಚಿಟ್ಟು ಹೋಗುವುದಿಲ್ಲ, ಸಮಾತ್. ಸೈನ್ಯಕ್ಕೋ ಪರದೇಶಕ್ಕೋ ಹೋಗುವವರು ಕಚ್ಚುತ್ತಾರೆ, ಉಳಿದದ್ದನ್ನು ತಿರುಗಿ ಬಂದು ತಿನ್ನಲಿ ಎಂದು ಮನೆಯವರು ಕಾದಿಡುತ್ತಾರೆ. ಮುಟ್ಟಿ ನೋಡಿದೆ, ಕಲ್ಲಾಗಿತ್ತು. ಅವನು ಹೋಗಿ ವಾರವೇ ಆಗಿರಬೇಕು. "ಅಳಬೇಡ ಕಣೇ, ದೂರ ಹೋದೋರ ಹಿಂದೆ ಅಳಬಾರ್ದು" ಎಂದರು ಅತ್ತೆ. "ನಿನ್ನ ಕೇಳಿದ್ರೆ ನೀನು ಬಿಡ್ತಿದ್ಯಾ? ಸಮಾತೇ ಕರೆಸ್ಕೊಂಡಿದ್ದು. ಅಲ್ಲಿ ನಾಕು ಕೆಲ್ಸ ಕಲೀತಾನೆ ಬಿಡು." ಕೇಳಬೇಕಾದ ಅಗತ್ಯವೂ ಇರಲಿಲ್ಲವಲ್ಲ, ಸರ್ಕಾರದ ಲೆಕ್ಕದಲ್ಲೂ ಅವನು ಅತ್ತೆಯ ಮಗ. ಕಡಾಯಿಯನ್ನು ಅಲ್ಲೇ ಬಿಟ್ಟು ಬಂದೆ.

ಭಾನುವಾರ ನೀನು ಫೋನಿನಲ್ಲಿ "ದಾರೀಲಿ ತೊಕ್ತೊಗುಲ್ ಹತ್ರ ಕರಿದ ಮೀನು ಕೊಡ್ಸು, ಮೂವರಿಗೂ ಕೊಡ್ಸು" ಎಂದೆಯಲ್ಲ, ಆಗ ಮೂರನೆಯವನು ನಿನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದನೇ? ನಿನಗೆ ನಾಲಗೆ ಹೇಗೆ ಹೊರಳಿತು? ಕೆರೇಜ್‌ಗೂ ಗೊತ್ತಿತ್ತಂತೆ. ಬಾಯಿ ಬಿಡಿಸಿದರೆ "ನೀನು ಅಷ್ಟು ಖುಷಿಯಾಗಿದ್ದೆ, ಹೆಂಗೆ ಹೇಳ್ಲಿ ಅಮ್ಮ?" ಎಂದು ಅವಳೇ ಅಳುತ್ತಾಳೆ. ಹಟಮಾಡುವ ಕೂಸಿಗೆ ಆಟಿಕೆ ಕೊಟ್ಟು ಕೂರಿಸಿದ ಹಾಗೆ ನನಗೆ ಈ ಪ್ರವಾಸ ಕೊಟ್ಟು ಕೂರಿಸಿ, ನನ್ನ ಬೆನ್ನ ಹಿಂದೆ ಮಗನನ್ನು ಸಾಗಿಸಿದಿರಿ. ಅತ್ತೆಯ ಮೇಲೆ ನನಗಿರುವುದು ಬರೀ ಸಿಟ್ಟು, ವಯಸ್ಸಾದವರು, ಅವನನ್ನು ನನಗೆ ಬಿಟ್ಟುಕೊಡಲಾರದೆ ಹೋದರು. ನೀನು ಮಾತ್ರ ನನ್ನವನು ಎಂದುಕೊಂಡಿದ್ದೆ.

ಶನಿವಾರ ನಾವು ಹೊರಡುತ್ತೇವೆ. ಇಬ್ಬರು ಮಕ್ಕಳ ಬೇಸಿಗೆಯನ್ನು ನಾನು ಹಾಳು ಮಾಡುವುದಿಲ್ಲ. ಬೆಕ್ತುರ್‌ಗೆ ಹೊಟ್ಟೆ ತುಂಬ ಊಟ ಹಾಕು, ಎತ್ತರದ ಕೆಲಸಕ್ಕೆ ಹತ್ತಿಸಬೇಡ, ಮಲಗುವಾಗ ಅವನ ಕಾಲು ಹೊದಿಕೆಯಿಂದ ಹೊರಗೆ ಬರುತ್ತದೆ, ನೋಡಿಕೋ. ದೇವರು ಅವನನ್ನು ಕಾಯಲಿ. ನಿನಗೆ ಕೆಟ್ಟದ್ದಾಗಲಿ ಎಂದು ಹೇಳಲು ಬಾಯಿ ಬರುತ್ತಿಲ್ಲ.

ಬುರುಲ್

ತಾ.ಕ.: ಕವರಿಗೆ ಹಾಕುವಷ್ಟರಲ್ಲಿ ಬೆಕ್ತುರ್ ಫೋನ್ ಮಾಡಿದ, ನೀನು ಹೊರಗೆ ಹೋದದ್ದನ್ನು ನೋಡಿಕೊಂಡು. "ವ್ಯಾನಲ್ಲಿ ನಂಗೆ ಜಾಗ ಇಲ್ಲ ಅಂತ ನೀವೇ ಅಂದ್ರಂತೆ, ಇಲ್ಲಿಗೆ ಕಳ್ಸಿ ಅಂತಾನೂ ನೀವೇ ಅಂದ್ರಂತೆ, ಅಣ್ಣ ಹೇಳ್ದ. ಪರವಾಗಿಲ್ಲ ಅತ್ತಿಗೆ, ನೀವು ಆರಾಮಾಗಿ ಹೋಗ್ಬನ್ನಿ" ಎಂದ. ಇಲ್ಲಪ್ಪ ಎಂದೆ, ಆಣೆ ಇಟ್ಟೆ. "ಅಣ್ಣ ಸುಳ್ಳು ಹೇಳಲ್ಲ" ಎಂದ. ಒಮ್ಮೆ ಕೊಟ್ಟವಳು ಇನ್ನೊಮ್ಮೆಯೂ ಕೊಟ್ಟಳು ಎಂದೇ ಅವನು ನಂಬಿದ್ದಾನೆ, ಸಮಾತ್. ನನ್ನ ಮಾತು ಅವನಿಗೆ ಬೇಡ, ನಿನ್ನದು ಬೇಕು. ಈ ಕಾಗದವನ್ನು ಅವನನ್ನು ಎದುರಿಗೆ ಕೂರಿಸಿಕೊಂಡು ನಿನ್ನ ಬಾಯಿಂದಲೇ ಗಟ್ಟಿಯಾಗಿ ಓದು. ಈ ಸಾಲನ್ನೂ ಓದು.