ಎದ್ದು ಹೋದವರು

ಪೆನ್ರಿನ್, ಕಾರ್ನ್‌ವಾಲ್
ಬುಧವಾರ, 9 ಅಕ್ಟೋಬರ್ 2019

ಪ್ರೀತಿಯ ಡೆನ್ಸಿಲ್,

ಫೋನು ಎತ್ತುವುದಿಲ್ಲವೆಂದು ಹಟ ಹಿಡಿದು ಕುಳಿತಿದ್ದೀಯಲ್ಲ, ಅದಕ್ಕೇ ಈ ಕಾಗದ. ಬೇರೆಯಾದ ಹೆಂಡತಿಯ ಕೈಬರಹ ಕಂಡು, ವಕೀಲರ ವಿಷಯವೋ ಏನೋ ಎಂದು ಗಾಬರಿಯಾಗಬೇಡ. ಅದಲ್ಲ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಆರಿಸಿ ಬಾ, ಆಮೇಲೆ ಕುಳಿತುಕೊಂಡು ಓದು. ನಿನ್ನನ್ನು ನಂಬುವ ಹಾಗಿಲ್ಲ.

ಈ ರೆಕಾರ್ಡೇ ಕೊನೆಯದು, ಶುಕ್ರವಾರ ಅದು ಅಚ್ಚಿಗೆ ಹೋಗುತ್ತದೆ, ಆಮೇಲೆ ಸಂಗೀತದ ಯಂತ್ರಗಳನ್ನೆಲ್ಲ ಮಾರಿಬಿಡುತ್ತೇನೆ, ಎಳೆಯರಿಗೆ ನಾನು ಬೇಡವಾದೆ ಎಂದು ನೀನು ಬರೆದ ಚೀಟಿ ಸೋಮವಾರ ಕೈಸೇರಿತು. ಬಾಗಿಲಲ್ಲೇ ನಿಂತು ಓದಿದೆ. ಸಮುದ್ರದಂಚಿನ ಆ ಮನೆಯಲ್ಲಿ ನೀನೊಬ್ಬನೇ ಇದನ್ನೇ ಮೆಲುಕು ಹಾಕುತ್ತ ಕುಳಿತಿದ್ದೀಯ ಎಂದು ನೆನೆದರೆ ನನಗೆ ಇಲ್ಲಿ ಕೂರಲಾಗುವುದಿಲ್ಲ.

ಶನಿವಾರ ಚಾಪೆಲ್‌ನಲ್ಲಿ ನೀನು ಈ ರೆಕಾರ್ಡನ್ನು ಊರಿನವರಿಗೆ ಕೇಳಿಸಿದಾಗ ನಾನು ಮುಂದಿನ ಬೆಂಚಿನಲ್ಲೇ ಇದ್ದೆ. ಮೂರನೆಯದು, ಆ ಪಿಯಾನೋದ್ದು, ಶುರುವಾದಾಗ ಕಣ್ಣು ಮುಚ್ಚಿಕೊಂಡೆ. ಇಷ್ಟು ಚೆಂದದ್ದನ್ನು ನೀನು ಮಾಡಿ ಎಷ್ಟು ಕಾಲವಾಗಿತ್ತು! ಕಣ್ಣು ತೆರೆದರೆ ಹುಡುಗ ಹುಡುಗಿಯರೆಲ್ಲ ತಲೆ ಬಗ್ಗಿಸಿಕೊಂಡು ಒಬ್ಬರ ಹಿಂದೊಬ್ಬರು ಹೊರಗೆ ಹೋಗುತ್ತಿದ್ದಾರೆ. ನಮ್ಮ ಕೆರೆನ್ಜಾ ಕೂಡ. ಮುಗಿಯುವ ಹೊತ್ತಿಗೆ ಉಳಿದದ್ದು ನಮ್ಮಂಥ ನರೆತ ತಲೆಗಳು ಮಾತ್ರ. ನೀನು ಯಾರ ಮುಖವನ್ನೂ ನೋಡದೆ ಚಹಾ ಕೂಡ ಕುಡಿಯದೆ ಹೊರಟುಬಿಟ್ಟೆ. ಆ ಎಳೆಯರ ಮೇಲೆ ನಾನು ಕೆಂಡಾಮಂಡಲವಾಗಿದ್ದೆ.

ಸೋಮವಾರ ಸಂಜೆ ಮಗಳು ಒಗೆಯುವ ಬಟ್ಟೆ ಹೊತ್ತುಕೊಂಡು ಬಂದಳು. ನಿನ್ನ ಚೀಟಿ ಅವಳ ಮುಖಕ್ಕೆ ಹಿಡಿದೆ.

"ಸ್ವಂತ ಮಗಳೇ ಎದ್ದು ಹೋದ್ರೆ ಊರಿನವರು ಕೂತಿರ್ತಾರೇನೇ?" ಎಂದು ಚೆನ್ನಾಗಿ ಝಾಡಿಸಿದೆ.

"ಅಮ್ಮಾ, ನಿಂಗೆ ಆ ಶಿಳ್ಳೆ ಕೇಳಿಸ್ಲೇ ಇಲ್ವಾ?" ಎಂದಳು. "ಕಿವಿಯೊಳಗೆ ಸೂಜಿ ಆಡಿಸಿದ ಹಾಗಿತ್ತು. ಅಲ್ಲಿ ಕೂರೋಕಾಗತ್ತಾ?"

"ಯಾವ ಶಿಳ್ಳೆ?"

ಅವಳು ನನ್ನನ್ನೇ ನೋಡಿದಳು. "ನಾವೆಲ್ಲ ಅಪ್ಪ ಬೇಕಂತಲೇ ಹಾಕಿದಾರೆ ಅಂದ್ಕೊಂಡ್ವಿ. ಅವರ ಕಿವಿಗೆ ಅದು ಬೀಳ್ದೇ ಇರತ್ತಾ?"

ನಾನು ನಂಬಲಿಲ್ಲ. ನೀನು ಕಳಿಸಿದ್ದ ರೆಕಾರ್ಡಿನ ಪ್ರತಿಯನ್ನು ಹಾಕಿ, ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಶಿಳ್ಳೆ ಕೇಳಿಸಿದಾಗ ಕೈ ಎತ್ತು ಎಂದೆ. ಮೂರನೆಯದು ಶುರುವಾದ ಕೂಡಲೇ ಕೈ ಎತ್ತಿದವಳು ಅದು ಮುಗಿಯುವವರೆಗೂ ಇಳಿಸಲಿಲ್ಲ. ನನಗೆ ಪಿಯಾನೋ ಬಿಟ್ಟರೆ ಬೇರೇನೂ ಇಲ್ಲ. ಡೆನ್ಸಿಲ್, ಅದು ನಿನ್ನ ಹಳೇ ಡಬ್ಬಾ ಟೀವಿ. ಸದ್ದು ನಿಲ್ಲಿಸಿ, ಸ್ನೂಕರ್ ಆಟದ ಹಳೇ ವೀಡಿಯೋ ಟೇಪು ಹಾಕಿಕೊಂಡು ನುಡಿಸುವ ಚಾಳಿ ನಿನ್ನದು. ಆ ಟೀವಿ ಹಾಕಿದ್ದರೆ ಸಾಕು, ತನ್ನಷ್ಟಕ್ಕೆ ಕೀರಲು ದನಿ ತೆಗೆಯುತ್ತಿರುತ್ತದಲ್ಲ, ಅದನ್ನು ಮೈಕು ಹಿಡಿದಿದೆ. ಮದುವೆಯಾದ ಹೊಸದರಲ್ಲಿ ಗಲ್ಲಿಯಲ್ಲಿ ನಡೆಯುತ್ತಲೇ, ಯಾರ ಮನೆಯಲ್ಲಿ ಸದ್ದಿಲ್ಲದೆ ಟೀವಿ ಹಾಕಿದ್ದಾರೆಂದು ಹೇಳುತ್ತಿದ್ದವನು ನೀನು!

ಇಗೋ, ಹೇಳಿಬಿಡುತ್ತೇನೆ. ವಯಸ್ಸಾಗಿ, ತೀರ ಕೀರಲು ದನಿ ಹಿಡಿಯುವ ನಿನ್ನ ಕಿವಿಯ ಶಕ್ತಿ ಹೋಗಿದೆ. ನನ್ನದೂ ಹೋಗಿದೆ. ಆವತ್ತು ಕೊನೆಯವರೆಗೂ ಕುಳಿತು ಕಣ್ಣೊರೆಸಿಕೊಂಡವರೆಲ್ಲರದೂ ಹೋಗಿದೆ.

ಈ ಸಾಲು ಬರೆಯಲು ಎಷ್ಟು ಹಾಳೆ ಹರಿದೆನೋ. ಹೇಳದಿದ್ದರೆ ಶುಕ್ರವಾರ ಅದು ಹಾಗೆಯೇ ಅಚ್ಚಾಗಿ, ಆಮೇಲೆ ಪತ್ರಿಕೆಯವರು ನಿನ್ನನ್ನು ಆಡಿಕೊಂಡು ನಗುತ್ತಾರೆ. ಹೇಳಿದರೆ, ಕಿವಿಯೇ ಇಲ್ಲದವನಿಗೆ ಸಂಗೀತ ಯಾಕೆಂದು ನೀನು ಇವತ್ತೇ ಎಲ್ಲ ಮಾರಿಬಿಡುತ್ತೀಯೇನೋ ಎಂಬ ಭಯ. ತಾಳವಿಲ್ಲದೆ ಮೆಲ್ಲಗೆ ಹರಡುವ ನಿನ್ನ ಆಂಬಿಯೆಂಟ್ ಸಂಗೀತವನ್ನು ಮೊದಲ ಸಲ ಕೇಳಿದಾಗ ನಮ್ಮಪ್ಪ, "ಹಾಡು ಯಾವಾಗ ಶುರುವಾಗತ್ತಪ್ಪಾ ಅಂತ ಕಾಯ್ತಾ ಇದ್ದೆ, ಮುಗಿದೇ ಹೋಯ್ತಂತಲ್ಲ ಮಾರಾಯ!" ಎಂದಿದ್ದರು. ಆವತ್ತು ನೀನು ನಕ್ಕು, ಮರುದಿನ ಮತ್ತೆ ಯಂತ್ರದ ಮುಂದೆ ಕುಳಿತೆ. ಮಲಗುವ ಕೋಣೆಯಲ್ಲಿ ಕ್ಯಾಸೆಟ್ಟು ಮಾಡಿ ಹಂಚಿದವನ ನಾದ ಕೇಳುತ್ತ ಈಗ ಜಪಾನಿನಲ್ಲಿ ಯಾರೋ ನಿದ್ದೆ ಹೋಗುತ್ತಾರೆ. ಅದೆಲ್ಲ ಒಂದು ಟೀವಿಯಿಂದ ಮುಗಿಯಬೇಕೇ? ಎಳೆಯರು ನಿನ್ನನ್ನು ಬಿಟ್ಟು ಹೋಗಲಿಲ್ಲ ಕಣೋ, ಕಿವಿ ನೋವಿಗೆ ಹೋದರು. ಕೆರೆನ್ಜಾ ಹೇಳಿದಳು, ಅವರೆಲ್ಲ ಹೊರಗೆ ಚಳಿಯಲ್ಲಿ ಬಾಗಿಲಿಗೆ ಒರಗಿಕೊಂಡು ಉಳಿದದ್ದನ್ನು ಕೇಳಿದರಂತೆ.

ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇನೆ. ಮೇಲಿನ ದನಿಗಳನ್ನು ಅವಳು ಕೇಳಿ ಹೇಳಲಿ, ಉಳಿದದ್ದನ್ನು ನೀನು ನೋಡಿಕೋ. ನಾಚಿಕೆಪಟ್ಟುಕೊಂಡು ಬಾಗಿಲು ತೆಗೆಯದೆ ಇರಬೇಡ, ನಾನು ತರುವ ಪಾಸ್ಟಿ ಕಡುಬು ತಣ್ಣಗಾಗುತ್ತದೆ. ಅಚ್ಚು ನಿಲ್ಲಿಸುವುದೋ ಬಿಡುವುದೋ ನಿನ್ನ ಇಷ್ಟ. ಬ್ರಿಸ್ಟಲ್‌ನ ರೆಕಾರ್ಡ್ ಕಂಪನಿಯ ರೂಪರ್ಟ್‌ಗೆ ನೀನೇ ಫೋನು ಮಾಡು. ನಾನು ನಡುವೆ ಬಾಯಿ ಹಾಕುವುದಿಲ್ಲ.

ಕಾನೂನಿನ ಪ್ರಕಾರ ಇನ್ನೂ ನಿನ್ನ ಹೆಂಡತಿ,
ವೆನ್ನಾ

ಮರೆತಿದ್ದೆ: ಬಾಯಿ ಹಾಕಿಯಾಗಿದೆ. ಬೆಳಿಗ್ಗೆಯೇ ರೂಪರ್ಟ್‌ಗೆ ಫೋನು ಮಾಡಿ ಅಚ್ಚು ನಿಲ್ಲಿಸಿದೆ. ಯಾಕೆಂದು ಕೇಳಿದ. ಕಿವಿಯ ಮಾತು ಎತ್ತಲಿಲ್ಲ. ಡೆನ್ಸಿಲ್ ಮೂರನೆಯದಕ್ಕೆ 'ವೆನ್ನಾ' ಎಂದು ಹೆಸರಿಟ್ಟಿದ್ದಾನೆ, ನನ್ನನ್ನು ಒಂದು ಮಾತು ಕೇಳಲಿಲ್ಲ, ನಾನು ಒಪ್ಪುವುದಿಲ್ಲ ಎಂದು ಜಗಳ ತೆಗೆದೆ. "ಇಂಥವಳ ಜೊತೆ ಆ ಮನುಷ್ಯ ಇಷ್ಟು ವರ್ಷ ಹೆಂಗೆ ಬಾಳಿದ್ನೋ" ಎಂದು ಅವನು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಅಂದುಕೊಳ್ಳಲಿ ಬಿಡು. ನೀನು ಶಿಳ್ಳೆ ತೆಗೆ. ಹೆಸರು ತೆಗೆಯಬೇಡ.