ಅರೆಮಂಡಿಯ ಅಳತೆ

೬-೧೧-೨೦೦೬, ಸೋಮವಾರ

ಬೆಳಿಗ್ಗೆಯಿಂದ ನಿರಿಗೆಗೆ ಇಸ್ತ್ರಿ. ರಿಪೇರಿಗೆ ಬಂದ ಹಳೇ ಡ್ರೆಸ್ಸು. ಹೊಸದು ಹೊಲಿದು ಎರಡು ತಿಂಗಳಾಯ್ತು. ಇವತ್ತು ಬಾಯಿ ಬಿಟ್ಟಿದ್ದು ಹಾಲಿನವನ ಹತ್ರ ಮಾತ್ರ. ಅದೂ ಬೈಯೋಕೆ.

ಚೂಡಾಮಣಿ ಟೀಚರ್ ಶಿಷ್ಯೆ ಆರಾಧನಾಗೆ ಬರೋ ತಿಂಗಳು ರಂಗಪ್ರವೇಶ. ಇಪ್ಪತ್ತೆಂಟು ವರ್ಷದಿಂದ ಟೀಚರ್ ಹುಡುಗಿಯರಿಗೆಲ್ಲ ಭರತನಾಟ್ಯದ ಡ್ರೆಸ್ಸು ನನ್ನದೇ. ಕೆಂಪು ರೇಷ್ಮೆ ಎತ್ತಿಟ್ಟಿದೀನಿ. ಅಳತೆಗೆ ಯಾಕೋ ಇನ್ನೂ ಬಂದಿಲ್ಲ.

೯-೧೧, ಗುರುವಾರ

ನಾನೇ ಹೋದೆ, ಹನುಮಂತನಗರಕ್ಕೆ. ಟೀಚರ್ ಕಾಫಿ ಕೊಟ್ರು. ಕೊಟ್ಟ ರೀತಿಯಲ್ಲೇ ಗೊತ್ತಾಯ್ತು.

"ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಆರಾಧನಾ ಅಮ್ಮ ಡ್ರೆಸ್ಸು ಇಂಟರ್‌ನೆಟ್‌ನಲ್ಲಿ ಆರ್ಡರ್ ಮಾಡ್ಬಿಟ್ರು. ಅಮೆರಿಕಾ, ಸಿಂಗಪುರದ ಮಕ್ಕಳೂ ಅಲ್ಲಿಂದಲೇ ತರಿಸೋದಂತೆ."

"ಅಳತೆ?"

"ಫಾರ್ಮ್ ಇರತ್ತೆ. ತುಂಬಿದ್ರೆ ಆಯ್ತು."

"ಆ ಫಾರ್ಮು ಮಂಡಿ ಬಗ್ಗಿಸಿ ಕೂರತ್ತಾ?"

ನಕ್ಕುಬಿಟ್ರು. ನಾನು ನಗಲಿಲ್ಲ. ನಿಂತಾಗ ಅಳತೆ ತಗೊಳ್ಳೋನು ಪ್ಯಾಂಟ್ ಹೊಲೀಲಿ. ಅರೆಮಂಡಿಯಲ್ಲಿ, ಅಂದ್ರೆ ಮಂಡಿ ಹೊರಗೆ ಬಗ್ಗಿಸಿ ಅರ್ಧ ಕೂರಿಸಿ, ಸೊಂಟದಿಂದ ಮಂಡಿಗೆ ಟೇಪು ಹಿಡೀಬೇಕು. ಆಗಲೇ ಮುಂದಿನ ನಿರಿಗೆ ಬೀಸಣಿಗೆ ಹಾಗೆ ಬಿಚ್ಚೋದು. ಓದಿದ್ದು ಐದನೇ ಕ್ಲಾಸು. ಇಷ್ಟು ಗೊತ್ತು.

೨೯-೧೧, ಬುಧವಾರ

ಹುಡುಗಿ ಬಂದಿದ್ಲು. ಪ್ಲಾಸ್ಟಿಕ್ ಕವರಲ್ಲಿ ಆ ಡ್ರೆಸ್ಸು. ಒಳಗೆ ಹೋಗಿ ಹಾಕ್ಕೊಂಡು ಬಂದು ಅರೆಮಂಡಿ ಕೂತು ತೋರಿಸಿದ್ಲು. ನಿರಿಗೆ ಅರ್ಧಕ್ಕೇ ಗಕ್ಕಂತ ನಿಂತಿದೆ. ತೊಡೆ ಹತ್ರ ಎಳೆತ.

"ಅಂಕಲ್, ಭಾನುವಾರ ಪ್ರೋಗ್ರಾಂ..."

"ನಿಮ್ಮ ಕಂಪ್ಯೂಟರ್‌ಗೆ ಹೇಳಮ್ಮ. ಬಂದು ಬಿಚ್ಚಿ ಹೊಲಿಯತ್ತೆ."

"ವಾಪಸ್ ಕಳ್ಸಿದ್ರೆ ಮೂರು ವಾರ ಅಂತಾರೆ."

"ಹಾಗಿದ್ರೆ ಮೂರು ವಾರ ಬಿಟ್ಟು ಕುಣಿ!"

ಅಳಲಿಲ್ಲ. ಡ್ರೆಸ್ಸು ಮಡಚಿ ಕವರಿಗೆ ಹಾಕ್ಕೊಂಡು "ಬರ್ತೀನಿ ಅಂಕಲ್" ಅಂತ ಹೋದ್ಲು. ಎರಡೂ ಕಡೆ ನಾಲ್ಕು ಬೆರಳು ಬಟ್ಟೆ ಸೇರಿಸಿದ್ರೆ ಮುಗೀತಿತ್ತು. ಒಂದು ಮಧ್ಯಾಹ್ನದ ಕೆಲಸ. ಬಾಯಿ ಆಡ್ತಿರುವಾಗಲೇ ಗೊತ್ತಿತ್ತು.

೧-೧೨, ಶುಕ್ರವಾರ

ನಿನ್ನೆ, ಇವತ್ತು ಎರಡು ದಿನವೂ ಊಟಕ್ಕೂ ಅಂಗಡಿ ಮುಚ್ಚಲಿಲ್ಲ. ಹುಡುಗಿ ಬರಲಿಲ್ಲ.

೩-೧೨, ಭಾನುವಾರ

ರಂಗಪ್ರವೇಶಕ್ಕೆ ಹೋದೆ. ಕಡೇ ಸಾಲು. ಹುಡುಗಿ ಒಂದು ಸಲವೂ ಪೂರ್ತಿ ಕೂರಲಿಲ್ಲ. ಬಟ್ಟೆ ಹರಿಯೋ ಭಯಕ್ಕೆ ಮೇಲೇ ನಿಂತ್ಲು. ಪಕ್ಕದ ಹೆಂಗಸು, "ಮಂಡಿ ಸಾಲದು ಪಾಪ, ಇನ್ನೂ ಕಲೀಬೇಕು" ಅಂದ್ಲು. ಮಂಡಿಯಲ್ಲ ಕಣಮ್ಮ, ಬಟ್ಟೆ — ಅನ್ನಬೇಕಿತ್ತು. ಅಂದಿದ್ರೆ, ಸರಿಮಾಡದೆ ಅಟ್ಟಿದ್ದು ಯಾರು ಅಂತಾನೂ ಹೇಳಬೇಕಾಗ್ತಿತ್ತು.

ಬಾಗಿಲಲ್ಲಿ ಟೀಚರ್ ಸಿಕ್ರು. "ಬಂದ್ರಾ ಮಾಸ್ಟ್ರೇ" ಅಂದ್ರು. ಅಷ್ಟೇ. ಊಟಕ್ಕೆ ಏಳಿ ಅನ್ನಲಿಲ್ಲ.

೫-೧೨, ಸಂಜೆ

ಅವಳಿಗೆ ಜನವರಿಯಲ್ಲಿ ಇನ್ನೊಂದು ಪ್ರೋಗ್ರಾಂ ಇದೆಯಂತೆ, ಸ್ಟೇಜಲ್ಲಿ ಹೇಳಿದ್ರು. ಕೆಂಪು ರೇಷ್ಮೆ ಹರವಿದೆ. ಯಾರೂ ಕೇಳಿಲ್ಲ. ಕತ್ತರಿ ಹಿಡಿದು ನಿಂತೆ — ಅಳತೆ? ಅವಳು ಸರಿಯಾಗಿ ಕೂತಿದ್ದು ನನ್ನ ಮುಂದೆ ಒಂದೇ ಸಲ, ಆವತ್ತು ಅಂಗಡಿಯಲ್ಲಿ. ನಾನು ನೋಡಿದ್ದು ಇನ್ನೊಬ್ಬನ ಹೊಲಿಗೆಯ ತಪ್ಪು ಮಾತ್ರ.

ಟೀಚರ್ ಹತ್ರ ನಂಬರ್ ಇಸ್ಕೊಂಡೆ. ಫೋನ್ ಅವಳೇ ಎತ್ತಿದ್ಲು.

"ಯಾರು?"

"ಟೈಲರ್."

ಇಡ್ತಾಳೆ ಅಂದ್ಕೊಂಡೆ. ಇಡಲಿಲ್ಲ. "ಆವತ್ತು ನಾನು ಅಂದಿದ್ದು ತಪ್ಪಮ್ಮ, ಅಂಗಡಿಗೆ ಬಂದು ಇನ್ನೊಂದು ಸಲ ಕೂರು, ಅಳತೆ ತಗೋತೀನಿ" ಅಂದೆ.